ಬೋರ್ಡೋ ಹೊಡೆಯುವ ನಾಡಿಗೆ ವೈನ್ ಯಾಕೆ ಬರಲಿಲ್ಲ?

ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರ ಬಾಯಲ್ಲಿ ವರ್ಷವಿಡೀ ಒಂದು ಫ್ರೆಂಚ್ ಊರಿನ ಹೆಸರು ಓಡಾಡುತ್ತಿರುತ್ತೆ. “ಮೋಡ ಆಗೇದ, ನಾಳೆ ಬೋರ್ಡೋ ಹೊಡೀಬೇಕು.” “ಹೊಡದ ಬೋರ್ಡೋ ಎಲ್ಲಾ ಮಳ್ಯಾಗ ತೊಳಕೊಂಡು ಹೋತು.” ಮೈಲುತುತ್ತ, ಸುಣ್ಣ, ನೀರು ಕಲಸಿದ ತಿಳಿನೀಲಿ ದ್ರಾವಣ ಅದು. ಇಂದಿರಾನಗರದ ರೆಸ್ಟೋರೆಂಟಿನ ಮೆನುವಿನಲ್ಲಿ ಬೋರ್ಡೋ ಅಂತ ಕಂಡರೆ ಅದು ದುಬಾರಿ ವೈನ್. ತಿಕೋಟಾದ ಗೊಬ್ಬರದಂಗಡಿ ಮುಂದೆ ಅದೇ ಹೆಸರು ಕೇಳಿದರೆ ಅದು ದಾವಣಿ ರೋಗದ ಔಷಧಿ.

ಎರಡೂ ಒಂದೇ ಊರಿನವು. 1880ರ ಸುಮಾರಿಗೆ ಅಮೆರಿಕದಿಂದ ಬಂದ ದಾವಣಿ ರೋಗ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ತಿನ್ನುತ್ತಿತ್ತು. ಬೋರ್ಡೋ ಹತ್ತಿರದ ಮೆಡಾಕ್ ಸೀಮೆಯಲ್ಲಿ ರಸ್ತೆ ಬದಿಯ ಬಳ್ಳಿಗಳಿಗೆ ರೈತರು ಮೈಲುತುತ್ತ ಮತ್ತು ಸುಣ್ಣ ಎರಚಿಡುತ್ತಿದ್ದರು. ಅದು ರೋಗಕ್ಕಲ್ಲ, ಹೋಗುವವರು ಬರುವವರು ಹಣ್ಣು ಕಿತ್ತು ತಿನ್ನಬಾರದು ಅಂತ. ಹಾಗೆ ಎರಚಿದ ಬಳ್ಳಿಗಳ ಎಲೆ ಮಾತ್ರ ಉದುರಿಲ್ಲ ಅನ್ನೋದು ಸಸ್ಯವಿಜ್ಞಾನಿ ಮಿಲ್ಲಾರ್ಡೆಯ ಕಣ್ಣಿಗೆ ಬಿತ್ತು. 1885ರಲ್ಲಿ ಅವನು ಅದನ್ನು ಪ್ರಕಟಿಸಿದ. ವೈನ್ ಉಳಿಸೋಕೆ ಹುಟ್ಟಿದ ಆ ಔಷಧಿ ಇವತ್ತು ನಮ್ಮ ಜಿಲ್ಲೆಯಲ್ಲಿ ಒಣದ್ರಾಕ್ಷಿ ಉಳಿಸ್ತಾ ಇದೆ.

ಬೋರ್ಡೋ ಬಂತು, ಬೋರ್ಡೋದ ವೈನ್ ಯಾಕೆ ಬರಲಿಲ್ಲ? ಸರ್ಕಾರ ವೈನ್ ನೀತಿ ಮಾಡಿದಾಗ, ವೈನ್ ಪಾರ್ಕ್ ಮಾತು ಎದ್ದಾಗ, ಟಿವಿಯಲ್ಲಿ “ವೈನ್ ಮದ್ಯವೋ, ಕೃಷಿ ಉತ್ಪನ್ನವೋ” ಅಂತ ಜಗಳ ನಡೆದಾಗ ಎಲ್ಲರೂ ದ್ರಾಕ್ಷಿ ರೈತನ ಹೆಸರು ಎತ್ತುತ್ತಾರೆ. ಆ ರೈತ ಮಾತ್ರ ತನ್ನ ಪಾಡಿಗೆ ತಾನು ಹಣ್ಣು ಒಣಗಿಸ್ತಾ ಇರ್ತಾನೆ. ಯಾಕೆ ಅಂತ ತಿಳಿಯೋಕೆ ಇತಿಹಾಸ ಸ್ವಲ್ಪ ಹಿಂದಿನಿಂದ ನೋಡಬೇಕು.

ನಾನು ಬೆಳೆದ ದೇವರ ಹಿಪ್ಪರಗಿ ಕಡೆ ಜೋಳ, ತೊಗರಿಯ ಸೀಮೆ. ದ್ರಾಕ್ಷಿ ಪಡ ನೋಡಬೇಕಂದ್ರೆ ಇಂಡಿ ಕಡೆಗೋ, ವಿಜಯಪುರ ದಾಟಿ ತಿಕೋಟಾ, ಬಬಲೇಶ್ವರದ ಕಡೆಗೋ ಹೋಗಬೇಕು. ಆದರೆ ದಖ್ಖನ್ನಿಗೆ ದ್ರಾಕ್ಷಿ ಹೊಸದೇನಲ್ಲ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ತಂದ. ಕೆಲವು ವರ್ಷಗಳ ನಂತರ ಅಲ್ಲಿಗೆ ಬಂದ ಇಬ್ನ್ ಬತೂತ, ಈ ಸೀಮೆಯಲ್ಲಿ ದ್ರಾಕ್ಷಿ ಮತ್ತು ದಾಳಿಂಬೆ ವರ್ಷಕ್ಕೆ ಎರಡು ಸಲ ಫಲ ಕೊಡುತ್ತವೆ ಅಂತ ಬರೆದಿಟ್ಟ.

ಆ “ಎರಡು ಸಲ” ಅನ್ನೋ ಮಾತು ನೆನಪಿಟ್ಟುಕೊಳ್ಳಿ. ಯುರೋಪಿನಲ್ಲಿ ಚಳಿಗಾಲಕ್ಕೆ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ವಸಂತಕ್ಕೆ ಏಳುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೇ ನಮ್ಮ ರೈತರು ವರ್ಷಕ್ಕೆ ಎರಡು ಚಾಟಣಿ ಮಾಡ್ತಾರೆ. ಏಪ್ರಿಲ್ ಚಾಟಣಿ ಕಡ್ಡಿ ಬೆಳೆಸೋಕೆ, ಅಕ್ಟೋಬರ್ ಚಾಟಣಿ ಹಣ್ಣಿಗೆ. ಫ್ರಾನ್ಸಿನಲ್ಲಿ ಸುಗ್ಗಿ ಬೇಸಿಗೆ ಮುಗಿದು ತಂಪು ಶುರುವಾಗುವಾಗ ಬರುತ್ತೆ. ನಮ್ಮಲ್ಲಿ ಫೆಬ್ರವರಿ, ಮಾರ್ಚಿನಲ್ಲಿ, ಬಿಸಿಲು ಏರುವ ಹೊತ್ತಿಗೆ. ಬಿಸಿಲಲ್ಲಿ ಹಣ್ಣಿನ ಸಕ್ಕರೆ ಬೇಗ ಏರುತ್ತೆ, ಹುಳಿ ಬೇಗ ಇಳಿಯುತ್ತೆ. ಒಣದ್ರಾಕ್ಷಿಗೆ ಇದು ವರ. ಹುಳಿ ಬೇಕೇ ಬೇಕು ಅನ್ನುವ ವೈನಿಗೆ ಇದು ತಲೆನೋವು.

ಮದ್ಯವೂ ಈ ನೆಲಕ್ಕೆ ಹೊಸದಲ್ಲ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, 1604ರ ಸುಮಾರಿಗೆ, ಅಕ್ಬರನ ರಾಯಭಾರಿಯಾಗಿ ಅಸದ್ ಬೇಗ್ ಅನ್ನುವವನು ಬಿಜಾಪುರಕ್ಕೆ ಬಂದ. ಇಲ್ಲಿಂದ ಅಕ್ಬರನಿಗೆ ತಂಬಾಕು ತೆಗೆದುಕೊಂಡು ಹೋಗಿ ತೋರಿಸಿದವನು ಇವನೇ. ಅವನು ಬಿಜಾಪುರದ ಬಜಾರಿನ ವರ್ಣನೆ ಬರೆದಿದ್ದಾನೆ. ಅದರಲ್ಲಿ ಚಿನ್ನದ ಅಂಗಡಿ, ಬಟ್ಟೆ ಅಂಗಡಿ, ಹಣ್ಣಿನ ಅಂಗಡಿಗಳ ಸಾಲಿನಲ್ಲೇ ಮದ್ಯದ ಅಂಗಡಿಯೂ ಬರುತ್ತೆ. ಮುಚ್ಚುಮರೆ ಇಲ್ಲ. ಅಂದರೆ ನಾನೂರು ವರ್ಷದ ಹಿಂದೆ ಈ ಊರಿನ ಪೇಟೆಯಲ್ಲಿ ಹಣ್ಣು ಮತ್ತು ಮದ್ಯ ಅಕ್ಕಪಕ್ಕ ಕೂತಿದ್ದವು.

ಇವತ್ತು ನಮ್ಮ ಪಡಗಳಲ್ಲಿರುವ ಬಳ್ಳಿ ಮಾತ್ರ ಆ ಕಾಲದ್ದಲ್ಲ. ಇದನ್ನು ಹುಡುಕುತ್ತಾ ಹೋದಾಗ ನನಗೆ ಹಳೇ ಸಾಫ್ಟ್‌ವೇರ್ ಪ್ರಾಜೆಕ್ಟಿನ ಕೋಡ್ ತೆರೆದ ಹಾಗಾಯ್ತು. ಪ್ರತಿ ಸಾಲೂ ಬೇರೆ ಬೇರೆ ದೇಶದಲ್ಲಿ, ಬೇರೆ ಬೇರೆ ಕಾರಣಕ್ಕೆ ಬರೆದದ್ದು. ನೆಲದ ಮೇಲಿನ ಬಳ್ಳಿ ಥಾಮ್ಸನ್ ಸೀಡ್‌ಲೆಸ್ ಅಥವಾ ಅದರ ಮಕ್ಕಳು: ಸೋಲಾಪುರ ಹತ್ತಿರದ ನಾನ್ನಜದಲ್ಲಿ ಹುಟ್ಟಿದ ಸೋನಾಕಾ, ಸಾಂಗ್ಲಿ ಜಿಲ್ಲೆಯ ತಾಸಗಾಂವ್ ಕಡೆಯ ತಾಸ್-ಎ-ಗಣೇಶ್. ಥಾಮ್ಸನ್ ಅಂದರೆ 1870ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಬೆಳೆಸಿದ ವಿಲಿಯಂ ಥಾಮ್ಸನ್. ಅವನಿಗಿಂತ ಮೊದಲು ಪರ್ಶಿಯಾ, ಟರ್ಕಿ ಕಡೆ ಅದು ಒಣಗಿಸಿ ತಿನ್ನುವ ಹಣ್ಣು. ಕಿಶ್‌ಮಿಶ್ ಅಂತೀವಲ್ಲ, ಅದೇ.

ನೆಲದ ಕೆಳಗಿನ ಬೇರು ಇನ್ನೊಂದು ಕಥೆ. ನಮ್ಮ ರೈತರು ಮೊದಲು ಡಾಗ್‌ರಿಜ್ ಅನ್ನೋ ಕಾಡು ದ್ರಾಕ್ಷಿಯ ಗಿಡ ನೆಟ್ಟು, ಅದರ ಮೇಲೆ ಸೋನಾಕಾ ಕಸಿ ಕಟ್ಟುತ್ತಾರೆ. ಡಾಗ್‌ರಿಜ್ ಅಮೆರಿಕದ ಟೆಕ್ಸಾಸ್ ರಾಜ್ಯದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಫಿಲಾಕ್ಸೆರಾ ಅನ್ನೋ ಸಣ್ಣ ಹುಳ ಯುರೋಪಿನ ಬಳ್ಳಿಗಳ ಬೇರು ತಿಂದು ವೈನ್ ಉದ್ಯಮವನ್ನೇ ಮುಳುಗಿಸುವ ಹೊತ್ತಿಗೆ, ಅಮೆರಿಕದ ಕಾಡುಬೇರಿನ ಮೇಲೆ ಯುರೋಪಿನ ಬಳ್ಳಿ ಕಸಿ ಮಾಡಿ ಅದನ್ನು ಉಳಿಸಿಕೊಂಡರು. ಆ ವಿದ್ಯೆ ನಮ್ಮಲ್ಲಿಗೆ ಬಂದದ್ದು ಹುಳದ ಭಯಕ್ಕಲ್ಲ. ಸವುಳು ನೀರು, ಬರ ಎರಡನ್ನೂ ಡಾಗ್‌ರಿಜ್ ತಡೆಯುತ್ತೆ ಅಂತ. ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರು ಹಾಕಿ ಪಡ ಉಳಿಸಿಕೊಳ್ಳುವ ಜಿಲ್ಲೆಗೆ ಈ ಬೇರು ಎಷ್ಟು ದೊಡ್ಡ ಆಸರೆ ಅನ್ನೋದು ಬೆಳೆದವರಿಗೇ ಗೊತ್ತು.

ಹಾಗಾಗಿ ಔಷಧಿ ವೈನಿನದ್ದು, ಕಸಿಯ ವಿದ್ಯೆ ವೈನಿನದ್ದು, ಬಳ್ಳಿ ಮಾತ್ರ ಕಿಶ್‌ಮಿಶ್‌ದು. ವೈನ್ ಮಾಡೋಕೆ ಬೇಕಾದ ಕ್ಯಾಬರ್ನೆ, ಶಿರಾಜ್, ಶೆನಿನ್ ಬ್ಲಾಂಕ್ ತಳಿಗಳ ಹಣ್ಣು ಸಣ್ಣದು, ಒಳಗೆ ಬೀಜ. ಸೋನಾಕಾ ಉದ್ದ, ಬೀಜವಿಲ್ಲ, ತೆಳು ಸಿಪ್ಪೆ. ತಿನ್ನೋಕೆ ಚೆಂದ, ಒಳ್ಳೆ ವೈನಿಗೆ ಸಪ್ಪೆ. “ವಿಜಯಪುರದಲ್ಲಿ ಇಷ್ಟೊಂದು ದ್ರಾಕ್ಷಿ ಇದೆ, ವೈನರಿ ಯಾಕಿಲ್ಲ?” ಅಂತ ಕೇಳೋದು “ಇಷ್ಟೊಂದು ಜೋಳ ಇದೆ, ಬಾಸ್ಮತಿ ಬಿರಿಯಾನಿ ಯಾಕಿಲ್ಲ?” ಅಂದ ಹಾಗೆ.

ಆದರೆ ತಳಿ ಒಂದೇ ಕಾರಣ ಆಗಿದ್ದರೆ ರೈತರು ತಳಿ ಬದಲಿಸುತ್ತಿದ್ದರು. ಬಿಸಿಲೊಂದೇ ಕಾರಣ ಅನ್ನೋಕೂ ಆಗಲ್ಲ. ನಮ್ಮಷ್ಟೇ ಬಿಸಿಲಿರುವ ಹಂಪಿ ಬೆಟ್ಟಗಳ ಸೀಮೆಯಲ್ಲಿ ಕೃಸ್ಮಾ ಎಸ್ಟೇಟ್ಸ್‌ನವರು ಕ್ಯಾಬರ್ನೆ ಬೆಳೆದು ವೈನ್ ಮಾಡ್ತಾ ಇದ್ದಾರೆ. ಉಳಿದ ಉತ್ತರ ಕಾನೂನಿನ ಪುಸ್ತಕಗಳಲ್ಲಿದೆ.

1956ರ ನವೆಂಬರ್ 1ರವರೆಗೆ ಬಿಜಾಪುರ ಜಿಲ್ಲೆ ಬೊಂಬಾಯಿ ರಾಜ್ಯದಲ್ಲಿತ್ತು. ಅಲ್ಲಿನ ಸರ್ಕಾರ 1949ರಲ್ಲಿ ಬೊಂಬಾಯಿ ಪಾನನಿಷೇಧ ಕಾಯ್ದೆ ತಂದು, 1950ರಲ್ಲಿ ಇಡೀ ರಾಜ್ಯಕ್ಕೆ ಪಾನನಿಷೇಧ ಹಾಕಿತು. ಅದರ ಮುಖ್ಯ ಹರಿಕಾರ ಆಗಿನ ಗೃಹ ಸಚಿವ ಮೊರಾರ್ಜಿ ದೇಸಾಯಿ. ಪರ್ಮಿಟ್ ಇಲ್ಲದೆ ಕುಡಿಯೋದು, ಇಟ್ಟುಕೊಳ್ಳೋದು ಎರಡೂ ಅಪರಾಧ. ಇದರ ವಿರುದ್ಧ ಎಫ್.ಎನ್. ಬಲ್ಸಾರಾ ಅನ್ನೋರು ಕೋರ್ಟಿಗೆ ಹೋದರು. 1951ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯ ಬಹುಭಾಗ ಎತ್ತಿಹಿಡಿಯಿತು. ಆದರೆ ಮದ್ಯಸಾರ ಇರುವ ಔಷಧಿ, ಸುಗಂಧ ದ್ರವ್ಯಗಳನ್ನೂ ನಿಷೇಧದೊಳಗೆ ಎಳೆದದ್ದು ಸರಿಯಲ್ಲ ಅಂದಿತು.

ಇದರಲ್ಲಿ ಒಂದು ತಮಾಷೆ ಇದೆ. ದ್ರಾಕ್ಷಾಸವ ಗೊತ್ತಲ್ಲ? ಹಸಿವಾಗ್ತಿಲ್ಲ ಅಂದ್ರೆ, ಸುಸ್ತು ಅಂದ್ರೆ ಅಜ್ಜಿಯರು ಎರಡು ಚಮಚ ಕುಡಿಸುತ್ತಿದ್ದ ಆಯುರ್ವೇದದ ಬಾಟಲಿ. ದ್ರಾಕ್ಷಿ, ಬೆಲ್ಲ ಅಥವಾ ಸಕ್ಕರೆ, ಧಾತಕಿ ಹೂವು ಹಾಕಿ ಹುದುಗಿಸಿ ಮಾಡುವ ಅದರಲ್ಲೂ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತೆ. ಅಂದರೆ ದ್ರಾಕ್ಷಿ ಹುದುಗುವುದು ನಮ್ಮ ಮನೆಗಳಿಗೆ ಎಂದೂ ಅಪರಿಚಿತವಾಗಿರಲಿಲ್ಲ. ಬಾಟಲಿಯ ಮೇಲೆ ಯಾವ ಹೆಸರು ಅನ್ನೋದಷ್ಟೇ ಪ್ರಶ್ನೆ. ಔಷಧಿ ಅಂದರೆ ದೇವರ ಮನೆಯ ಪಕ್ಕದ ಗೂಡಿನಲ್ಲಿ, ಮದ್ಯ ಅಂದರೆ ಠಾಣೆಯಲ್ಲಿ.

1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಬಿತ್ತು. ಬಿಜಾಪುರ ಮೈಸೂರು ರಾಜ್ಯಕ್ಕೆ ಬಂತು. ಸಾಂಗ್ಲಿ, ಸೋಲಾಪುರ ಆ ಕಡೆ ಉಳಿದವು, ಜತ್ತ, ಅಕ್ಕಲಕೋಟೆಯ ಕನ್ನಡಿಗರೂ ಅವುಗಳ ಜೊತೆ ಉಳಿದರು. ಒಂದೇ ಮಣ್ಣು, ಒಂದೇ ಬಿಸಿಲು, ಒಂದೇ ದ್ರಾಕ್ಷಿ, ಎರಡು ಅಬಕಾರಿ ಕಾನೂನು. ಸಂವಿಧಾನದ ಪ್ರಕಾರ ಮದ್ಯ ರಾಜ್ಯಗಳ ವಿಷಯ. ಆ ಗೆರೆ ಜೋಳಕ್ಕೆ, ಒಣದ್ರಾಕ್ಷಿಗೆ ಅಷ್ಟೇನೂ ತಡೆಯಾಗಲಿಲ್ಲ. ನಮ್ಮವರ ಒಣದ್ರಾಕ್ಷಿ ಇವತ್ತಿಗೂ ತಾಸಗಾಂವ್, ಸಾಂಗ್ಲಿ ಪೇಟೆಗೆ ಹೋಗಿ ಹರಾಜಾಗುತ್ತೆ. ಅದೇ ಗೊಂಚಲು ಹುದುಗಿ ವೈನ್ ಆದರೆ ಗೆರೆ ಗೋಡೆಯಾಗುತ್ತೆ.

ಗೋಡೆಯ ಎರಡೂ ಬದಿ ಆಮೇಲೆ ಏನಾಯ್ತು ನೋಡಿ. ಕರ್ನಾಟಕದಲ್ಲಿ ಕನ್ವಲ್ ಗ್ರೋವರ್ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳ ತೋಟ, ವೈನರಿ ಶುರು ಮಾಡಿದರು. ನಂದಿ ಬೆಟ್ಟದ ತಪ್ಪಲು, ಸಮುದ್ರಮಟ್ಟದಿಂದ ಸುಮಾರು 900 ಮೀಟರ್, ರಾತ್ರಿ ತಂಪು, ಪಕ್ಕದಲ್ಲಿ ಬೆಂಗಳೂರಿನ ಗಿರಾಕಿ. ಮಹಾರಾಷ್ಟ್ರದಲ್ಲಿ, ಅಮೆರಿಕದ ಒರಾಕಲ್ ಕೆಲಸ ಬಿಟ್ಟು ನಾಸಿಕಕ್ಕೆ ಮರಳಿದ ರಾಜೀವ್ ಸಾಮಂತ್ 2000ದಲ್ಲಿ ಸುಲಾದ ಮೊದಲ ವೈನ್ ತಂದರು. ಸಾಫ್ಟ್‌ವೇರ್ ಬಿಟ್ಟು ತೋಟ ಮಾಡ್ತೀನಿ ಅನ್ನೋ ನಮ್ಮ ಆಫೀಸಿನ ಕನಸುಗಾರರಿಗೆ ಇವರೇ ಆದಿಗುರು. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆ ನೀತಿ ತಂದು, ತನ್ನ ನೆಲದ ದ್ರಾಕ್ಷಿಯಿಂದ ಮಾಡಿದ ವೈನಿಗೆ ಅಬಕಾರಿ ಸುಂಕ ಬಿಟ್ಟಿತು. ನಾಸಿಕ ಜಿಲ್ಲೆಯ ವಿಂಚೂರಿನಲ್ಲಿ, ಸಾಂಗ್ಲಿ ಜಿಲ್ಲೆಯ ಪಲೂಸ್‌ನಲ್ಲಿ ವೈನ್ ಪಾರ್ಕ್‌ಗಳು ಎದ್ದವು.

ಕರ್ನಾಟಕದ ಸರದಿ 2007. ಆ ವರ್ಷ ನಮ್ಮ ರಾಜ್ಯ ಎರಡು ಕೆಲಸ ಮಾಡಿತು. ಜುಲೈ 1ರಿಂದ ಸಾರಾಯಿ ನಿಷೇಧಿಸಿತು. ಅದೇ ವರ್ಷ ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು, ವೈನ್ ಬೋರ್ಡ್ ಸ್ಥಾಪಿಸಿತು, ವೈನಿಗೆಂದೇ ಪ್ರತ್ಯೇಕ ಬೊಟಿಕ್, ಟ್ಯಾವರ್ನ್‌ಗಳಿಗೆ ದಾರಿ ಮಾಡಿತು. ಸಾರಾಯಿ ಕೂಲಿಯವನ ಪಾನೀಯ. ವೈನ್ ಊರಿನ ದೊಡ್ಡವರ, ನಗರದವರ ಪಾನೀಯ. ಒಂದನ್ನು ಬಡವರ ಮನೆ ಹಾಳು ಮಾಡುತ್ತೆ ಅಂತ ತೆಗೆದರು. ಇನ್ನೊಂದನ್ನು ರೈತರ ಮನೆ ಕಟ್ಟುತ್ತೆ ಅಂತ ತಂದರು. ಎರಡಕ್ಕೂ ಹೇಳಿದ ಕಾರಣಗಳಲ್ಲಿ ಸತ್ಯಾಂಶ ಇತ್ತು. ಆದರೆ ನಮ್ಮ ಹಳ್ಳಿಯಿಂದ ನೋಡಿದರೆ ಸಾರಾಯಿ ಹೋದ ಜಾಗಕ್ಕೆ ವೈನ್ ಬರಲಿಲ್ಲ, ಪ್ಯಾಕೆಟ್ ವಿಸ್ಕಿ ಬಂತು. ಅದು ಸಿಗುವ ಅಂಗಡಿಯ ಬೋರ್ಡಿನ ಮೇಲೆ ಮಾತ್ರ ‘ವೈನ್ಸ್’ ಅಂತ ಇರುತ್ತೆ. ವೈನ್ ಸಿಗದ ವೈನ್ ಶಾಪ್‌ಗಳು ಬಹುಶಃ ನಮ್ಮ ನಾಡಿನ ವಿಶೇಷ.

ಈ ನೀತಿಗಳ ಕಾಲದಲ್ಲೇ ಗಡಿಯಾಚೆ ಒಂದು ಪಾಠ ನಡೆಯಿತು. ನಾಸಿಕ ಸುತ್ತ ರೈತರು ಉತ್ಸಾಹದಿಂದ ವೈನ್ ದ್ರಾಕ್ಷಿ ಹಾಕಿದ್ದರು. 2008ರ ಕೊನೆಗೆ ಜಾಗತಿಕ ಆರ್ಥಿಕ ಕುಸಿತ, ಮುಂಬೈ ದಾಳಿ ಎರಡೂ ಸೇರಿ ಹೋಟೆಲ್ಲು, ಪ್ರವಾಸ ಎಲ್ಲ ಮಲಗಿದವು. ಟ್ಯಾಂಕುಗಳಲ್ಲಿ ವೈನ್ ಉಳಿಯಿತು. ದೇಶದ ಹಳೆಯ ದೊಡ್ಡ ಕಂಪನಿಗಳಲ್ಲೊಂದಾದ ಶಾಟೋ ಇಂಡಾಜ್ ಮುಳುಗಿತು. ಹಣ್ಣು ಕೊಳ್ಳುವವರಿಲ್ಲದೆ ರೈತರು ವೈನ್ ಬಳ್ಳಿ ಕಿತ್ತುಹಾಕಿ ಮತ್ತೆ ತಿನ್ನುವ ದ್ರಾಕ್ಷಿಗೆ ಮರಳಿದರು. ಸುಲಾದಂಥವು ಉಳಿದು ಬೆಳೆದವು, 2022ರ ಡಿಸೆಂಬರಿನಲ್ಲಿ ಸುಲಾ ಷೇರುಪೇಟೆಗೂ ಬಂತು. ಉದ್ಯಮ ಚೇತರಿಸಿಕೊಂಡಿತು. ಬಳ್ಳಿ ಕಿತ್ತವನ ನಷ್ಟ ಯಾವ ಲೆಕ್ಕದಲ್ಲೂ ಬರಲಿಲ್ಲ.

ತಿಕೋಟಾ ಕಡೆಯ ಬೆಳೆಗಾರರೊಬ್ಬರನ್ನು ಒಮ್ಮೆ ಕೇಳಿದ್ದೆ: “ಕಾಕಾ, ನೀವ್ಯಾಕ ವೈನ್ ದ್ರಾಕ್ಷಿ ಹಚ್ಚಂಗಿಲ್ಲ?”

“ತಮ್ಮಾ, ಅದನ್ನ ಕಂಪನಿಯವ್ರು ಒಲ್ಲೆ ಅಂದ್ರ ನಾ ಏನ್ ಮಾಡ್ಲಿ? ಪ್ಯಾಟ್ಯಾಗ ಯಾರೂ ತಿನ್ನಂಗಿಲ್ಲ, ಒಣಗಿಸಿದ್ರ ಬರೇ ಬೀಜ. ಮನ್ಯಾಗ ವೈನ್ ಮಾಡಿದ್ರ ಪೊಲೀಸ್ರು ಬರ್ತಾರ. ಇದು ಹಂಗಲ್ಲ. ರೇಟ್ ಬಿತ್ತು ಅಂದ್ರ ಶೆಡ್ಡಿಗೆ ಹಾಕ್ತೀನಿ.”

ಈ ಮಾತಿನಲ್ಲಿ ಇಡೀ ವೈನ್ ಉದ್ಯಮದ ಸಮಸ್ಯೆ ಅಡಗಿದೆ ಅನ್ನಿಸುತ್ತೆ. ಶೆಡ್ ಅಂದರೆ ಬಲೆಗಳನ್ನು ಮಾಳಿಗೆಯಂತೆ ಒಂದರ ಮೇಲೊಂದು ಕಟ್ಟಿ, ಮೇಲೆ ಹೊದಿಕೆ ಹಾಕಿದ ಒಣಗಿಸುವ ಮನೆ. ಹಣ್ಣನ್ನು ಪೊಟ್ಯಾಸಿಯಮ್ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದಿ ಹರವಿದರೆ ಎರಡು ವಾರದ ಆಸುಪಾಸಿನಲ್ಲಿ ಒಣದ್ರಾಕ್ಷಿ ಸಿದ್ಧ. ಬೂದಿಯ ನೀರು, ಆಲಿವ್ ಎಣ್ಣೆ ಬಳಸಿ ಮೆಡಿಟರೇನಿಯನ್ ಸೀಮೆಯವರು ಪ್ರಾಚೀನ ಕಾಲದಲ್ಲೇ ಮಾಡುತ್ತಿದ್ದ ಉಪಾಯ ಇದು. ಸುಮಾರು ನಾಲ್ಕು ಕೆಜಿ ಹಣ್ಣಿಗೆ ಒಂದು ಕೆಜಿ ಒಣದ್ರಾಕ್ಷಿ. ಕೋಲ್ಡ್ ಸ್ಟೋರೇಜಿನಲ್ಲಿಟ್ಟರೆ ತಿಂಗಳುಗಟ್ಟಲೆ ಕಾಯಬಹುದು. ಲೈಸೆನ್ಸ್ ಬೇಡ, ಅಬಕಾರಿ ಇನ್‌ಸ್ಪೆಕ್ಟರ್ ಬೇಡ. ಒಂದು 750 ಎಂಎಲ್ ವೈನ್ ಬಾಟಲಿಗೆ ಒಂದು ಕೆಜಿಗಿಂತ ತುಸು ಹೆಚ್ಚು ಹಣ್ಣು ಸಾಕು. ಲೆಕ್ಕದಲ್ಲಿ ವೈನಿನ ಬೆಲೆ ದೊಡ್ಡದು. ಆದರೆ ಬೆಲೆ ಏರುವ ಜಾಗ ವೈನರಿಯ ಟ್ಯಾಂಕು, ರೈತನ ಪಡ ಅಲ್ಲ. ಕಾಯುವ ಶಕ್ತಿ ಯಾರ ಹತ್ತಿರ ಇದೆಯೋ ಬೆಲೆ ಅವರದು.

ಹಾಗಂತ ಶೆಡ್ಡಿನ ಬದುಕು ಸುಖದ್ದು ಅಂತಲ್ಲ. ಮಾರ್ಚಿನ ಅಕಾಲ ಮಳೆಗೆ ಶೆಡ್ಡಿನ ಹಣ್ಣು ಕಪ್ಪಾಗುತ್ತೆ, ಆಲಿಕಲ್ಲಿಗೆ ಪಡವೇ ಮಲಗುತ್ತೆ. ಪೇಟೆಯಲ್ಲಿ ರೇಟು ಬಿದ್ದ ವರ್ಷ ಸಾಲ ಉಳಿಯುತ್ತೆ. ಹಾಗಾಗಿಯೇ ಇನ್ನೊಂದು ದಾರಿ ಇರಲಿ ಅನ್ನೋ ಆಸೆ ರೈತರಿಗೂ ಇದೆ. ವೈನ್ ಆ ದಾರಿ ಆಗಬಹುದಾ ಅನ್ನೋದು ಸುಳ್ಳು ಪ್ರಶ್ನೆಯೇನಲ್ಲ.

ಈ ಪ್ರಶ್ನೆಯನ್ನು ವೈನಿನ ತವರಿನಲ್ಲೇ ಕೇಳಿದ್ದರು, ಅದೂ ರಕ್ತ ಹರಿಸಿ. 1907ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ದ್ರಾಕ್ಷಿ ರೈತರು ದಂಗೆ ಎದ್ದರು. ಸಕ್ಕರೆ ನೀರು ಬೆರೆಸಿದ ನಕಲಿ ವೈನ್, ಅಲ್ಜೀರಿಯಾದಿಂದ ಬಂದ ಅಗ್ಗದ ವೈನ್ ಸೇರಿ ಬೆಲೆ ನೆಲಕಚ್ಚಿತ್ತು. ಮಾರ್ಸಲಾನ್ ಆಲ್ಬೇರ್ ಅನ್ನೋ ಹಳ್ಳಿಯ ಕೆಫೆ ಮಾಲೀಕನ ಹಿಂದೆ ಲಕ್ಷಾಂತರ ಜನ ಮೊಂಪೆಲಿಯೆ ಪಟ್ಟಣದಲ್ಲಿ ಸೇರಿದರು. ನಾರ್ಬೋನ್‌ನಲ್ಲಿ ಸೈನಿಕರು ಗುಂಡು ಹಾರಿಸಿದರು, ಜನ ಸತ್ತರು. ಅದೇ ಸೀಮೆಯ ಹುಡುಗರಿದ್ದ 17ನೇ ರೆಜಿಮೆಂಟ್ ತಿರುಗಿಬಿತ್ತು. ಕೊನೆಗೆ ಜೂನ್ 29ರಂದು ಕಲಬೆರಕೆ ವಿರುದ್ಧ ಕಾನೂನು ಬಂತು. ಅದಕ್ಕಿಂತ ದೊಡ್ಡ ಬದಲಾವಣೆ ಹಳ್ಳಿಗಳಲ್ಲಾಯಿತು. ಮರೋಸಾನ್ ಅನ್ನೋ ಊರಲ್ಲಿ 1901ರಲ್ಲೇ ರೈತರು ಸಹಕಾರ ಸಂಘ ಕಟ್ಟಿಕೊಂಡಿದ್ದರು. ದಂಗೆಯ ನಂತರ ಊರೂರಿಗೆ ಸಹಕಾರಿ ವೈನರಿಗಳು ಹಬ್ಬಿದವು. ಟ್ಯಾಂಕು ರೈತರ ಕೈಗೆ ಬಂತು. ನಾವು ಫ್ರಾನ್ಸಿನಿಂದ ಬೋರ್ಡೋ ದ್ರಾವಣ ತಂದೆವು, ಕಸಿ ತಂದೆವು. ಸಹಕಾರಿ ಟ್ಯಾಂಕು ತರಲಿಲ್ಲ. ಸಕ್ಕರೆಗೆ, ಹಾಲಿಗೆ ಸಹಕಾರ ಸಂಘ ಕಟ್ಟಿದ ಇದೇ ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ವೈನ್ ಮಾತ್ರ ಹೆಚ್ಚಾಗಿ ಬಂಡವಾಳ ಇದ್ದವರ ಉದ್ಯಮವಾಯಿತು.

ಇನ್ನು ತೆರಿಗೆಯ ಗೋಡೆಗಳು. ಮದ್ಯ ಜಿಎಸ್‌ಟಿಯ ಹೊರಗಿದೆ. ಪ್ರತಿ ರಾಜ್ಯ ತನ್ನ ವೈನರಿಗಳಿಗೆ ರಿಯಾಯಿತಿ ಕೊಟ್ಟು, ಪಕ್ಕದ ರಾಜ್ಯದ ವೈನಿಗೆ ಸುಂಕ ಹಾಕುತ್ತೆ. ಒಣದ್ರಾಕ್ಷಿಯದ್ದು ಬೇರೆ ಲೋಕ. ರೈತನೇ ಮಾರಿದರೆ ಅದಕ್ಕೆ ಜಿಎಸ್‌ಟಿ ಇಲ್ಲ ಅಂತ 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿತು. ಇದರ ನಡುವೆ ವಿದೇಶಿ ವೈನ್ ಬಾಗಿಲು ತಟ್ಟುತ್ತಿದೆ. ಆಮದು ಸುಂಕ 150 ಪರ್ಸೆಂಟ್ ಇತ್ತು. 2022ರ ಡಿಸೆಂಬರ್ 29ರಿಂದ ಜಾರಿಯಾದ ಆಸ್ಟ್ರೇಲಿಯಾ ಒಪ್ಪಂದದಲ್ಲಿ, 5 ಡಾಲರಿಗಿಂತ ಹೆಚ್ಚಿನ ಬೆಲೆಯ ಬಾಟಲಿಗೆ ಅದು 100ಕ್ಕೆ, 15 ಡಾಲರಿಗಿಂತ ಹೆಚ್ಚಿನದಕ್ಕೆ 75ಕ್ಕೆ ಇಳಿಯಿತು, ಮುಂದೆ ಹಂತಹಂತವಾಗಿ ಇನ್ನೂ ಇಳಿಯುತ್ತೆ. ಅಡಿಲೇಡ್‌ನಿಂದ ಬೆಂಗಳೂರಿಗೆ ಬರುವ ವೈನಿನ ದಾರಿ ಸಲೀಸಾಗ್ತಾ ಹೋದರೆ, ನಾಸಿಕದ ವೈನ್ ಬೆಂಗಳೂರಿಗೆ, ನಂದಿಯ ವೈನ್ ಪುಣೆಗೆ ಹೋಗುವ ದಾರಿಯಲ್ಲಿ ಗೋಡೆ ಹಾಗೇ ನಿಂತಿದೆ.

ಹಾಗಾದರೆ ವೈನ್ ಮದ್ಯವೋ ಅಲ್ಲವೋ? 2022ರ ಜನವರಿಯಲ್ಲಿ ಮಹಾರಾಷ್ಟ್ರ ಸಂಪುಟ ಸೂಪರ್‌ಮಾರ್ಕೆಟ್‌ಗಳಲ್ಲಿ ವೈನ್ ಮಾರಲು ಒಪ್ಪಿದಾಗ, ರೈತರಿಗಾಗಿ ಮಾಡಿದ್ದು ಅಂತ ಆಡಳಿತದವರು ಅಂದರು. ವಿರೋಧ ಎದ್ದಿತು, ಅಣ್ಣಾ ಹಜಾರೆ ಉಪವಾಸ ಕೂರುತ್ತೇನೆ ಅಂದರು, ಸರ್ಕಾರ ಜನಾಭಿಪ್ರಾಯ ಕೇಳ್ತೀವಿ ಅಂತ ಹಿಂದೆ ಸರಿಯಿತು. ನಮ್ಮ ಕಡೆಯಿಂದ ನೋಡಿದರೆ ಈ ವಿರೋಧವನ್ನು ಬರೀ ಮಡಿವಂತಿಕೆ ಅಂತ ತಳ್ಳಿಹಾಕೋಕೆ ಆಗಲ್ಲ. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಅವರ ಮನೆ ಹಾಳು ಮಾಡಿದ್ದು ಶೆನಿನ್ ಬ್ಲಾಂಕ್ ಅಲ್ಲ, ನಿಜ. ಆದರೆ 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟ ರಾಜ್ಯ, ಮದ್ಯವನ್ನು ಒಳ್ಳೇದು ಕೆಟ್ಟದ್ದು ಅಂತ ವಿಂಗಡಿಸಿ ಹೇಳಿದಾಗ ಅವರು ನಂಬಲಿ ಅಂತ ಹೇಗೆ ನಿರೀಕ್ಷಿಸೋದು?

ನಮ್ಮ ದೇವರ ಹಿಪ್ಪರಗಿ ಮಡಿವಾಳ ಮಾಚಯ್ಯನ ಹುಟ್ಟೂರು. ಅವನಿದ್ದ ಶರಣರ ಕೂಟದಲ್ಲಿ ಹೆಂಡದ ಮಾರಯ್ಯನೂ ಇದ್ದ. ಹೆಂಡ ಮಾರುವ ಕಾಯಕದವನು ಅನ್ನೋ ಕಾರಣಕ್ಕೆ ಶರಣರು ಅವನನ್ನು ಹೊರಗಿಡಲಿಲ್ಲ. ಅವನೂ ವಚನ ಬರೆದ. ಇದನ್ನು ಕುಡಿತದ ಪರವಾದ ವಾದಕ್ಕೆ ಬಳಸೋಕೆ ನನಗೆ ಮನಸ್ಸಿಲ್ಲ. ಆದರೆ ವಸ್ತುವಿಗಿಂತ ಅದರ ಹಿಂದಿನ ದುಡಿಮೆಯನ್ನು, ಅದರ ಫಲ ಯಾರಿಗೆ ಸಲ್ಲುತ್ತೆ ಅನ್ನೋದನ್ನು ಮೊದಲು ನೋಡುವ ಒಂದು ಕ್ರಮ ನಮ್ಮ ನೆಲದಲ್ಲಿ ಆಗಲೇ ಇತ್ತು.

ವೈನ್ ಮದ್ಯವೇ. ಹಾಗೆ ಒಪ್ಪಿಕೊಂಡೇ ಮಾತಾಡೋಣ, ರೈತನ ಹೆಗಲ ಮೇಲೆ ಬಂದೂಕಿಟ್ಟು ಹಾರಿಸೋದು ಬೇಡ. ಅದನ್ನು ಕುಡಿಯೋದು ಬಿಡೋದು ವಯಸ್ಕರ ಇಷ್ಟ. ಆದರೆ ವಿಜಯಪುರಕ್ಕೆ ವೈನ್ ಉದ್ಯಮ ತರ್ತೀವಿ ಅಂತ ಯಾರಾದರೂ ಹೇಳಿದರೆ ಕೇಳಬೇಕಾದ್ದು ಮೂರೇ ಪ್ರಶ್ನೆ. ಅಕ್ಟೋಬರ್ ಚಾಟಣಿಗೆ ಮೊದಲೇ ಬೆಲೆ ಬರೆದುಕೊಡ್ತೀರಾ? ಕಂಪನಿ ಹಣ್ಣು ಒಲ್ಲೆ ಅಂದರೆ ನಷ್ಟ ಯಾರದು? ಟ್ಯಾಂಕಿನಲ್ಲಿ ಬೆಳೆಗಾರನಿಗೆ ಪಾಲು ಇದೆಯಾ? ಮೂರಕ್ಕೂ ಒಳ್ಳೆ ಉತ್ತರ ಸಿಕ್ಕಿದ ದಿನ ನಮ್ಮ ರೈತರಿಗೆ ಯಾರೂ ವೈನ್ ದ್ರಾಕ್ಷಿ ಹಚ್ಚಿ ಅಂತ ಹೇಳಿಕೊಡಬೇಕಿಲ್ಲ. ಟೆಕ್ಸಾಸಿನ ಬೇರಿಗೆ ಪರ್ಶಿಯಾದ ಬಳ್ಳಿ ಕಟ್ಟಿ ಫ್ರಾನ್ಸಿನ ಔಷಧಿ ಹೊಡೆಯೋದನ್ನು ಕಲಿತವರಿಗೆ ಇನ್ನೊಂದು ತಳಿ ದೊಡ್ಡ ಮಾತಲ್ಲ. ಅಲ್ಲಿವರೆಗೆ ಅವರು ಶೆಡ್ಡನ್ನೇ ನಂಬುತ್ತಾರೆ, ಮತ್ತು ಆ ನಂಬಿಕೆಗೆ ಲೆಕ್ಕ ಇದೆ.